ಬಾಲಣ್ಣ ಎಲ್ಲರ ಬಾಯಿ ನೋಡ್ತಾರೆ

ಹಳೇ ಕನ್ನಡ ಸಿನಿಮಾದ ಮನೆ ಅಂದ ತಕ್ಷಣ ಕಣ್ಣ ಮುಂದೆ ಬರೋದು ಏನು ಹೇಳಿ? ಮುಂದೊಂದು ಜಗಲಿ, ಎರಡು ಕಂಬ, ನಡುಮನೆಯಲ್ಲಿ ತೂಗುಮಣೆ, ಹಿತ್ತಲ ಕಡೆ ತುಳಸಿಕಟ್ಟೆ, ಮೂಲೆಯಲ್ಲಿ ಯಾರೂ ಮುಟ್ಟದ ಒಂದು ವೀಣೆ. ಅಪ್ಪ ಪೇಪರ್ ಹಿಡಿದು ಕೂತಿರ್ತಾರೆ, ಅಮ್ಮ ಸೆರಗಲ್ಲಿ ಕೈ ಒರೆಸ್ಕೊಂಡು ಅಡುಗೆಮನೆಯಿಂದ ಬರ್ತಾರೆ, ಕಾಲೇಜಿಗೆ ಹೋಗೋ ಮಗ ಚಪ್ಪಲಿ ಹುಡುಕ್ತಾನೆ. ಅಷ್ಟರಲ್ಲಿ ಬಾಗಿಲಲ್ಲಿ ನರಸಿಂಹರಾಜು ಕಾಣಿಸ್ಕೊಂಡ್ರೆ ಮುಗೀತು, ಇನ್ನೂ ಬಾಯಿ ಬಿಡದೆ ಇದ್ರೂ ನಗು ಬಂದುಬಿಡುತ್ತೆ. ಐವತ್ತು ಅರವತ್ತರ ದಶಕದ ಆ ಸಂಸಾರದ ಸಿನಿಮಾಗಳು ಇವತ್ತಿಗೂ ಮಧ್ಯಾಹ್ನದ ಹೊತ್ತು ಟೀವಿಯಲ್ಲಿ ಬರುತ್ವೆ. ನಾನಂತೂ ಬಿಡೋದಿಲ್ಲ. ಬೇಲಿಯಾಚೆ ಮನೆಯ ಆಪಾನೂ ಬಿಡೋದಿಲ್ಲ.

ಗೌರಿಬಿದನೂರು ಕಡೆಯ ನಮ್ಮೂರು ಅಲೀಪುರದಲ್ಲಿ ಬೇಲಿ ಅನ್ನೋದು ಹೆಸರಿಗೆ. ನಮ್ಮ ನುಗ್ಗೇಮರದ ಅರ್ಧ ಕಾಯಿ ಅವರ ಕಡೆಗೇ ಬಗ್ಗಿರುತ್ತೆ, ಅವರ ಕೋಳಿಗಳು ದಿನವಿಡೀ ನಮ್ಮ ಹಿತ್ತಲಲ್ಲೇ ಕೆದಕ್ತಿರುತ್ವೆ. ಮೊನ್ನೆ ‘ಸ್ಕೂಲ್ ಮಾಸ್ಟರ್’ ಬಂತು, 1958ರದ್ದು. ನಿರ್ದೇಶಕ ಪಂತುಲು ಅವರೇ ಮೇಷ್ಟ್ರು, ಎಂ.ವಿ. ರಾಜಮ್ಮನವರು ಹೆಂಡತಿ. ಮುಪ್ಪಿನಲ್ಲಿ ಗಂಡ ಒಬ್ಬ ಮಗನ ಮನೇಲಿ, ಹೆಂಡತಿ ಇನ್ನೊಬ್ಬ ಮಗನ ಮನೇಲಿ ಅಂತ ಬೇರೆ ಬೇರೆ ಆಗೋ ಕಥೆ ನೋಡಿ, ಕಣ್ಣೀರು ಹಾಕಿದ್ದು ಸಾಲದೇ ಸಂಜೆ ಬೇಲಿ ಹತ್ರ ನಿಂತು ಇಬ್ಬರೂ ಮತ್ತೆ ಒಂದಿಷ್ಟು ಮರುಗಿದ್ವಿ. ಆಗ ಆಪಾ ಒಂದು ಮಾತು ಕೇಳಿದ್ರು. “ಅಲ್ಲ ಟೀಚರಮ್ಮ, ಇಷ್ಟು ಸಿನಿಮಾ ನೋಡಿದೀವಲ್ಲ, ಈ ಮನೆಗಳ ಪಕ್ಕದ ಮನೇಲಿ ಯಾರಿರ್ತಾರೆ? ಒಂದು ಸಲಾನೂ ತೋರಿಸಲ್ವಲ್ಲ!”

ಹೌದಲ್ವಾ? ಪಕ್ಕದ ಮನೆಯವರು ಅಂತ ಒಬ್ಬರು ಇರ್ತಾರೆ, ಇಲ್ಲ ಅಂತಲ್ಲ. ಸಕ್ಕರೆ ಕೇಳೋಕೆ ಬರೋ ಪದ್ಮಮ್ಮನೋ, ಹೆಣ್ಣು ತೋರಿಸೋಕೆ ಬರೋ ಶಾಸ್ತ್ರಿಗಳೋ. ಆದ್ರೆ ಅವರೂ ಇದೇ ಮನೆಯವರೇ, ಸೀರೆ ಬೇರೆ ಅಷ್ಟೆ. ಮಾತು ಅದೇ, ಊಟ ಅದೇ, ದೇವರ ಪಟಾನೂ ಅದೇ. ನಮ್ಮ ಗೌರಿಬಿದನೂರು ಸೀಮೆಯಲ್ಲಿ ಒಂದು ಬೀದಿಗೆ ಕನ್ನಡ, ತೆಲುಗು, ಉರ್ದು ಮೂರೂ ಬೇಕು. ಸಂತೆಯಲ್ಲಿ ಟೊಮೇಟೋ ಚೌಕಾಸಿ ತೆಲುಗಲ್ಲಿ ಶುರುವಾಗಿ, ಕನ್ನಡದಲ್ಲಿ ಜಗಳವಾಗಿ, ಉರ್ದುವಿನಲ್ಲಿ ರಾಜಿಯಾಗುತ್ತೆ. ಈ ಗಲಾಟೆ, ಈ ಸೊಗಸು ಆ ಕಾಲದ ತೆರೆ ಮೇಲೆ ಯಾಕೋ ಬರಲೇ ಇಲ್ಲ. ಹಳೇ ಮೈಸೂರಿನ ತೊಳೆದಿಟ್ಟ ಕನ್ನಡ ಒಂದೇ ಮನೆಮಾತು. ಹುಬ್ಬಳ್ಳಿ ಕಡೆ ಮಾತು ಬಂದ್ರೆ ಅದು ನಗಿಸೋಕೆ ಬಂತು ಅಂತಲೇ ಲೆಕ್ಕ.

ಹಾಗಾದ್ರೆ ಬೇರೆಯವರು ಬರಲೇ ಇಲ್ವಾ ಅಂದ್ರೆ, ಬಂದ್ರು. ಗೇಟಿನ ತನಕ ಬಂದ್ರು. ಸಾಬರು ಅಂದ್ರೆ ಜಟಕಾ ಗಾಡಿಯವರು, ಮಗೂನ ಆಸ್ಪತ್ರೆಗೆ ಸಾಗಿಸಿ ದುಡ್ಡು ಬೇಡ ಅನ್ನೋ ಒಳ್ಳೆಯವರು. ಕ್ರೈಸ್ತರು ಅಂದ್ರೆ ಬಿಳೀ ಬಟ್ಟೆಯ ನರ್ಸಮ್ಮ. ಕೇರಿಯವರಂತೂ ಹಿತ್ತಲ ಬಾಗಿಲಿಂದ ಆಚೆಗೇ. ಆಮೇಲೆ 1972ರಲ್ಲಿ ‘ನಾಗರಹಾವು’ ಬಂತಲ್ಲ, ಪುಟ್ಟಣ್ಣ ಕಣಗಾಲ್ ಅವರದ್ದು. ಅದರಲ್ಲಿ ಅಂಬರೀಷ್ ಮೊದಲ ಸಲ ತೆರೆಗೆ ಬಂದಿದ್ದೇ ಜಲೀಲನಾಗಿ. ಬೀದೀಲಿ ಅಲಮೇಲೂನ ಚುಡಾಯಿಸೋ ಹುಡುಗ. ಆಪಾ ಮನೇಲಿ ಆ ಸಿನಿಮಾ ಎಲ್ಲರಿಗೂ ಬಾಯಿಪಾಠ. ಅವರ ತಮ್ಮಂದಿರೆಲ್ಲ ಆ ಕಾಲದಲ್ಲಿ ಜಲೀಲನ ಥರಾನೇ ಕಾಲರ್ ಎತ್ತಿ ಓಡಾಡಿದವರು, ಬೈಸ್ಕೊಂಡವರು. ಆದ್ರೂ ಆಪಾ ಹೇಳೋದು ಕೇಳಿ: “ಜಲೀಲ ಇದ್ದ ಸರಿ. ಅವನಿಗೊಬ್ಬ ಅಮ್ಮ ಇರ್ಬೇಕಲ್ಲ? ಮನೇಗ್ ಬಂದ್ಮೇಲೆ ಕಿವಿ ಹಿಂಡೋ ಅಮ್ಮ? ಅವಳನ್ನ ಯಾಕೆ ತೋರಿಸ್ಲಿಲ್ಲ?” ಚಾಮಯ್ಯ ಮೇಷ್ಟ್ರಿಗೆ ಮನೆ ಇದೆ, ತುಂಗಮ್ಮ ಇದ್ದಾರೆ. ರಾಮಾಚಾರಿಗೆ ಅಪ್ಪ ಅಮ್ಮ ಇದ್ದಾರೆ. ಜಲೀಲನಿಗೆ ಮಾತ್ರ ಬೀದಿ. ಎಷ್ಟು ಸಲ ನೋಡಿದ್ದೆ ನಾನು, ಹೀಗೆ ಯಾರಾದ್ರೂ ಕೇಳಿದ್ದು ಇದೇ ಮೊದಲು. ಪುಟ್ಟಣ್ಣನವರ ಮೇಲೆ ನನಗಿರೋ ಗೌರವ ಇದರಿಂದ ಒಂದು ಕಾಳಿನಷ್ಟೂ ಕಮ್ಮಿಯಾಗಲ್ಲ. ಅದೇ ಸಿನಿಮಾದ ಕ್ರೈಸ್ತ ಹುಡುಗಿ ಮಾರ್ಗರೆಟ್ಟಳ ಪ್ರೀತಿಯನ್ನ ಅವರು ನಗೆಪಾಟಲು ಮಾಡಲಿಲ್ಲ, ಕೊನೇವರೆಗೂ ಗಂಭೀರವಾಗಿಯೇ ತಗೊಂಡ್ರು. ಆದ್ರೂ ಆಪಾ ಕೇಳಿದ್ದಕ್ಕೆ ಉತ್ತರ ಬೇಕಲ್ಲ.

ಅಂದ ಹಾಗೆ, ಆಪಾ ಜೊತೆ ಸಿನಿಮಾ ಹರಟೆ ವರ್ಷವಿಡೀ ನಡೆಯೋದಲ್ಲ. ಮೊಹರಂ ಚಂದ್ರ ಕಂಡ ದಿನದಿಂದ ಎರಡು ತಿಂಗಳು ಎಂಟು ದಿನ ಅವರ ಮನೆಯ ಟೀವಿ ಮೇಲೆ ಬಟ್ಟೆ ಬೀಳುತ್ತೆ. ಮದುವೆ ಇಲ್ಲ, ಹಾಡು ಇಲ್ಲ, ಹೊಸ ಬಟ್ಟೆ ಇಲ್ಲ. ಊರಿಗೆ ಊರೇ ಕಪ್ಪು ಉಟ್ಟು ಕರ್ಬಲಾದ ದುಃಖ ಮಾಡುತ್ತೆ, ಬೆಂಗಳೂರು, ಅರಬ್ ದೇಶ ಅಂತ ದೂರ ಹೋದವರೂ ಆ ಹೊತ್ತಿಗೆ ಬಂದು ಸೇರ್ಕೋತಾರೆ. ಆ ದಿನಗಳಲ್ಲಿ ನಾನೂ ಟೀವಿ ಸದ್ದು ತಗ್ಗಿಸಿ ಇಡ್ತೀನಿ. ಯಾರೂ ಹೇಳಿದ್ದಲ್ಲ, ಬೇಲಿ ಅಷ್ಟು ಹತ್ರ ಇದ್ದ ಮೇಲೆ ಅದು ತಾನಾಗೇ ಬರುತ್ತೆ. ಮುಗಿದ ಮೇಲೆ ಆಪಾ ಬೇಲಿ ಹತ್ರ ಬಂದು, “ಏನೇನು ಬಂತು ಹೇಳಿ ಟೀಚರಮ್ಮ” ಅಂತ ಬಾಕಿ ವಸೂಲಿಗೆ ನಿಲ್ತಾರೆ. ನಾನು ಎರಡು ತಿಂಗಳ ಸಿನಿಮಾನೆಲ್ಲ ಕಥೆ ಹೇಳ್ಬೇಕು! ಅವರೇಕಾಯಿ ಕಾಲವಾದ್ರೆ ಸೊನೆ ಅವರೇಕಾಯಿ ಬಿಡಿಸ್ತಾ ಬಿಡಿಸ್ತಾ ಒಂದು ಸಿನಿಮಾ ಮುಗಿಯೋದ್ರೊಳಗೆ ಒಂದು ಮೊರ ತುಂಬಿರುತ್ತೆ.

ಎಲ್ಲಿದ್ದೆ? ಹಾಂ, ಪಕ್ಕದ ಮನೆ. ಇದು ನಮ್ಮೊಬ್ಬರ ಕಥೆ ಅಂದ್ಕೋಬೇಡಿ. ನಮ್ಮ ಸೋದರಳಿಯ ಒಬ್ಬ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಕೆಲಸದಲ್ಲಿದ್ದಾನೆ. ರಜೆಗೆ ಬಂದಾಗ ನನ್ನ ಈ ಹುಚ್ಚು ನೋಡಿ, ಅಲ್ಲಿಯ ಹಳೇ ಸಂಸಾರದ ಸಿನಿಮಾ ಒಂದನ್ನ ಫೋನಲ್ಲಿ ತೋರಿಸಿದ. ‘ಫಾರ್ ಟಿಲ್ ಫಿರೆ’ ಅಂತ, ನಾಲ್ಕು ಮಕ್ಕಳ ತಂದೆ ಒಬ್ಬನ ಕಥೆ. 1953ರದ್ದು, ಅಂದ್ರೆ ನಮ್ಮ ‘ಬೇಡರ ಕಣ್ಣಪ್ಪ’ಕ್ಕಿಂತ ಒಂದು ವರ್ಷ ಹಿಂದಿನದು. ಪತ್ರಿಕೆಯಲ್ಲಿ ಬರ್ತಿದ್ದ ಚಿತ್ರಕಥೆಯಿಂದ ಹುಟ್ಟಿದ್ದಂತೆ. ಜನ ಎಷ್ಟು ಮೆಚ್ಚಿದ್ರು ಅಂದ್ರೆ ಆಮೇಲೆ ವರ್ಷಕ್ಕೊಂದರ ಹಾಗೆ ಅದೇ ಸಂಸಾರದ ಸಿನಿಮಾಗಳು ಬಂದ್ವು. ಹೆಂಡತಿ ಇಲ್ಲದ ಅಪ್ಪ, ಅಮ್ಮನ ಜಾಗದಲ್ಲಿ ನಿಂತ ದೊಡ್ಡ ಮಗಳು, ತುಂಟ ಕಿರಿಯವ ಪೇರ್, ಎಲ್ಲದಕ್ಕೂ ಆಸರೆಯಾಗೋ ಮುದುಕ ಆಂಡರ್ಸ್ ಮಾಮ. ಭಾಷೆ ಒಂದು ಚೂರೂ ಅರ್ಥವಾಗದಿದ್ರೂ ಎಲ್ಲಿ ನಗಬೇಕು ಅನ್ನೋದು ತಪ್ಪಲಿಲ್ಲ. ತಟ್ಟೆಯಲ್ಲಿರೋದು ಬೇರೆ, ತಟ್ಟೆ ಸುತ್ತ ನಡೆಯೋ ಕಿತ್ತಾಟ ಅದೇ. ನಿರ್ದೇಶಕಿ ಹೆಣ್ಣು ಮಗಳು, ಆಲಿಸ್ ಓಫ್ರೆಡೆರಿಕ್ಸ್. ಅದು ಕೇಳಿ ನನಗೆ ಹೊಟ್ಟೆಕಿಚ್ಚು ಬಂತು. ಪ್ರೇಮಾ ಕಾರಂತರು ‘ಫಣಿಯಮ್ಮ’ ಮಾಡೋಕೆ ನಾವು 1983ರವರೆಗೂ ಕಾಯಬೇಕಾಯ್ತಲ್ಲ.

ಆದ್ರೆ ಅಲ್ಲೂ ಅಷ್ಟೇ ನೋಡಿ. ಆ ಬೀದಿಗೆ ಬೀದಿಯೇ ಒಂದೇ ಬಣ್ಣ, ಒಂದೇ ಮಾತು, ಒಂದೇ ಪ್ರಾರ್ಥನೆ. ಅಳಿಯ ಅಂದ: “ಅತ್ತೆ, ಈಗ ಅಲ್ಲಿಯವರೂ ಇದನ್ನೇ ಕೇಳ್ತಾರೆ, ಈ ಸಿನಿಮಾಗಳಲ್ಲಿ ಉಳಿದವರೆಲ್ಲ ಎಲ್ಲಿದ್ರು ಅಂತ.” ಎರಡನೇ ಮಹಾಯುದ್ಧ ಮುಗಿದು ಇನ್ನೂ ಹತ್ತು ವರ್ಷ ಆಗಿರಲಿಲ್ಲ, ಜನಕ್ಕೆ ಒಂದು ನೆಮ್ಮದಿಯ ಮನೆ ನೋಡೋ ಆಸೆ ಇತ್ತೇನೋ. ನಮಗೂ ಹಾಗೇ ಇದ್ದಿರಬೇಕು. ರಾಜ್ಯ ಒಂದಾಗಿದ್ದು 1956ರಲ್ಲಿ, ಕನ್ನಡದ ಮನೆ ಅಂದ್ರೆ ಹೀಗಿರುತ್ತೆ ಅಂತ ತೋರಿಸೋ ತವಕ. ತವಕ ತಪ್ಪಲ್ಲ. ಒಂದೇ ಮನೆ ತೋರಿಸಿ ನಿಲ್ಲಿಸಿಬಿಟ್ಟಿದ್ದು ಮಾತ್ರ ಕೊರತೆಯೇ.

ಇದರಲ್ಲಿ ನನಗೆ ತುಂಬಾ ಸೋಜಿಗ ಅನಿಸೋದು ಏನು ಗೊತ್ತಾ? ತೆರೆ ಮುಂದೆ ಇಷ್ಟು ಒಂದೇ ಥರ, ತೆರೆ ಹಿಂದೆ ಮಾತ್ರ ಜಾತ್ರೆ! ಸಿನಿಮಾ ತಯಾರಾಗ್ತಿದ್ದದ್ದೇ ಮದರಾಸಿನಲ್ಲಿ. ಲೈಟು ಹಿಡಿಯೋರು ತಮಿಳರು, ಹಾಡೋ ಪಿ.ಬಿ. ಶ್ರೀನಿವಾಸರ ಮನೆಮಾತು ತೆಲುಗು, ನಾಯಕಿ ಪಂಡರೀಬಾಯಿ ಮತ್ತವರ ತಂಗಿ ಮೈನಾವತಿ ಭಟ್ಕಳದ ಕಡೆಯವರು. ದುಡ್ಡು ಹಾಕಿದವರಲ್ಲೂ ಹೆಣ್ಣು ಮಗಳು ಇದ್ದರು. 1943ರಲ್ಲೇ ‘ರಾಧಾ ರಮಣ’ ತೆಗೆದವರು ಇದೇ ಸ್ಕೂಲ್ ಮಾಸ್ಟರ್ ಹೆಂಡತಿ, ರಾಜಮ್ಮನವರು. ಇನ್ನೂ ಹಿಂದಕ್ಕೆ ಹೋದ್ರೆ, ಸಿನಿಮಾದ ತಾಯಿಬೇರಾದ ಕಂಪನಿ ನಾಟಕದಲ್ಲಿ ಮಹಮದ್ ಪೀರ್ ಸಾಹೇಬರು. ಚಂದ್ರಕಲಾ ನಾಟಕ ಮಂಡಳಿ ಕಟ್ಟಿ, ‘ಗೌತಮ ಬುದ್ಧ’, ‘ಷಹಜಹಾನ್’ ಆಡಿದ್ರೆ ಜನ ಮುಗಿಬೀಳ್ತಿದ್ರಂತೆ. ಬೀಳಗಿಯ ಅಕ್ಕತಂಗಿಯರು, ಗೋಹರ್‌ಬಾಯಿ ಮತ್ತು ಅಮೀರ್‌ಬಾಯಿ ಕರ್ನಾಟಕಿ, ಮುಂಬಯಿವರೆಗೂ ಹೋಗಿ ಹೆಸರು ಮಾಡಿದ್ರು, ಹೆಸರಿನಲ್ಲೇ ಕರ್ನಾಟಕ ಇಟ್ಕೊಂಡು! ಇಷ್ಟು ಜನ ಸೇರಿ ಕಟ್ಟಿದ ಮನೆಗೆ ಇವರಲ್ಲಿ ಅರ್ಧ ಜನ ಬಾಡಿಗೆಗೂ ಬರಲಿಲ್ಲ ಅಂದ್ರೆ ಹೇಗೆ ಅಲ್ವಾ?

ಈಗ ಬಾಲಣ್ಣನ ವಿಷಯಕ್ಕೆ ಬರ್ತೀನಿ. ಅದನ್ನ ಹೇಳೋಕೇ ಇಷ್ಟು ಸುತ್ತಿದ್ದು.

ಅಲೀಪುರದ ಹೆಸರು ಹರಳಿಗೆ ಎಷ್ಟು, ಮೊಹರಂಗೆ ಎಷ್ಟು, ಅಷ್ಟೇ ಕೈಮಾತಿಗೂ. ಇಪ್ಪತ್ತು ಸಾವಿರ ದಾಟಿದ ಊರಲ್ಲಿ ಹುಟ್ಟಿನಿಂದ ಕಿವಿ ಕೇಳದವರು ಸುಮಾರು 150 ಮಂದಿ ಅಂತ ಅಧ್ಯಯನ ಮಾಡಿದವರು ಬರೆದಿದ್ದಾರೆ. ಸಂಬಂಧದೊಳಗೇ ಮದುವೆ ಆಗ್ತಾ ಬಂದಿದ್ದರಿಂದ ಅಂತ ಕಾರಣ ಹೇಳ್ತಾರೆ, ಅದಿರಲಿ. ಇಲ್ಲಿಯ ವಿಶೇಷ ಅಂದ್ರೆ ಅವರ ಸನ್ನೆ ಬೇರೆ ಎಲ್ಲಿಂದಲೋ ಕಲಿತು ಬಂದದ್ದಲ್ಲ, ಊರಲ್ಲೇ ಬೆಳೆದದ್ದು. ಶಿಬಾಜಿ ಪಾಂಡಾ ಅನ್ನೋ ಸಂಶೋಧಕರು ಬಂದು ಅದನ್ನ ದಾಖಲು ಮಾಡಿದ್ರು. 2012ರಲ್ಲಿ ಜಗತ್ತಿನ ಹಳ್ಳಿಗಳ ಸನ್ನೆಭಾಷೆಗಳ ಬಗ್ಗೆ ಬಂದ ದೊಡ್ಡ ಪುಸ್ತಕದಲ್ಲಿ ನಮ್ಮ ಅಲೀಪುರವೂ ಇದೆ. ಮಾರನೇ ವರ್ಷ, ಸನ್ನೆಯಲ್ಲಿ ಎಣಿಕೆ ಹೇಳೋ ರೀತಿಯನ್ನ ಮೆಕ್ಸಿಕೋದ ಚಿಕಾನ್, ಟರ್ಕಿಯ ಮಾರ್ಡಿನ್ ಮತ್ತು ನಮ್ಮೂರು, ಈ ಮೂರೂ ಕಡೆ ಹೋಲಿಸಿ ಪ್ರಬಂಧವೇ ಬಂತು. ಅಂಗಡಿ ಹತ್ರ ಕೈಯಾಡಿಸಿ ಚಿಲ್ಲರೆ ಲೆಕ್ಕ ಮುಗಿಸೋದು ನಮಗೆ ದಿನನಿತ್ಯದ ಮಾತು. ಕಿವಿ ಕೇಳೋರೂ ಅಷ್ಟೋ ಇಷ್ಟೋ ಕಲಿತಿರ್ತಾರೆ, ಕಲೀದೆ ಇದ್ರೆ ಹಾಲು ತರಕಾರಿ ವ್ಯವಹಾರ ಹೇಗೆ ನಡೀಬೇಕು?

ಆಪಾನ ಮೈದುನರೊಬ್ಬರಿಗೂ ಕಿವಿ ಕೇಳೋದಿಲ್ಲ. ನಾವೆಲ್ಲ ಚಾಚಾ ಅಂತೀವಿ. ಹೊಲಿಗೆ ಕೆಲಸ. ಮಿಷನ್ ಮುಂದೆ ಕೂತ್ರೆ ತಲೆ ಎತ್ತೋದಿಲ್ಲ, ಆದ್ರೆ ಬೀದೀಲಿ ಹಾದುಹೋದವರೆಲ್ಲ ಅವರ ಲೆಕ್ಕದಲ್ಲಿರ್ತಾರೆ. ಸಿನಿಮಾದವರಿಗೆಲ್ಲ ಅವರ ಹತ್ರ ಒಂದೊಂದು ಕೈಹೆಸರು. ನರಸಿಂಹರಾಜು ಅಂದ್ರೆ ಎರಡು ಬೆರಳನ್ನ ಮೇಲ್ದುಟಿಯಿಂದ ಕೆಳಗೆ ಇಳಿಬಿಡೋದು, ಆ ಹಲ್ಲು! ರಾಜಕುಮಾರ್ ಅಂದ್ರೆ ಮೂಗಿನ ನೇರಕ್ಕೆ ಒಂದು ಗೆರೆ ಎಳೆದು ತುದಿಯಲ್ಲಿ ನಿಲ್ಲಿಸೋದು. ದ್ವಾರಕೀಶ್‌ಗೆ ಅಂಗೈ ಮೊಣಕಾಲ ಹತ್ರ ಬಂದುಬಿಡುತ್ತೆ, ಅದು ಹೇಳದೇನೇ ಗೊತ್ತಾಗುತ್ತೆ. ಬಾಲಣ್ಣ, ಅಂದ್ರೆ ಬಾಲಕೃಷ್ಣ ಅವರಿಗೆ ಮಾತ್ರ ಬೇರೆ. ತೋರುಬೆರಳನ್ನ ತನ್ನ ಕಣ್ಣ ಹತ್ರ ಇಟ್ಟು, ಅಲ್ಲಿಂದ ಎದುರಿಗಿದ್ದವರ ಬಾಯಿ ಕಡೆಗೆ ತೋರಿಸ್ತಾರೆ. ಅದು ಯಾಕೆ ಹಾಗೆ ಅಂತ ಆಪಾ ಮುಖಾಂತರ ಕೇಳಿದೆ. ಚಾಚಾ ಹೇಳಿದ್ದು ಇಷ್ಟು: “ಇವರೊಬ್ಬರೇ ಎಲ್ಲರ ಬಾಯಿ ನೋಡ್ತಾರೆ.”

ನನಗೆ ಮೈ ಜುಮ್ಮಂತು ನೋಡಿ. ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಕೇಳ್ತಿರಲಿಲ್ಲ ಅಂತ ಸಿನಿಮಾ ಓದಿಕೊಂಡವರಿಗೆ ಗೊತ್ತು. ಅರಸೀಕೆರೆಯಲ್ಲಿ 1911ರಲ್ಲಿ ಹುಟ್ಟಿದವರು, ಬಡತನ ಉಂಡವರು. ಕಂಪನಿ ನಾಟಕದಲ್ಲಿ ಪಳಗಿ ‘ರಾಧಾ ರಮಣ’ದಲ್ಲಿ ತೆರೆಗೆ ಬಂದು, 500ಕ್ಕೂ ಹೆಚ್ಚು ಸಿನಿಮಾ ಮಾಡಿ, 1995ರಲ್ಲಿ ತೀರಿಕೊಂಡ್ರು. ತನ್ನ ಮಾತಿನ ಜೊತೆ ಎದುರಿನವರ ಮಾತನ್ನೂ ಬಾಯಿಪಾಠ ಮಾಡ್ಕೊಂಡು ಬರ್ತಿದ್ರು, ತುಟಿ ಆಡೋದು ನೋಡಿ ತನ್ನ ಸರದಿ ಹಿಡೀತಿದ್ರು ಅಂತ ಅವರ ಜೊತೆಯವರು ಹೇಳಿದ್ದಾರೆ. ಯೋಚನೆ ಮಾಡಿ, ಕಂಪನಿ ನಾಟಕದಲ್ಲಿ ಪರದೆ ಪಕ್ಕ ನಿಂತು ಪಿಸುಗುಟ್ಟೋ ಪ್ರಾಂಪ್ಟರ್ ಎಲ್ಲರನ್ನೂ ಕಾಪಾಡೋನು. ಇವರಿಗೆ ಅವನಿದ್ದೂ ಇಲ್ಲದ ಲೆಕ್ಕ. ಹಾಸ್ಯ ಅಂದ್ರೆ ಸಮಯದ ಆಟ ಅಂತಾರೆ, ಅರೆಗಳಿಗೆ ತಡವಾದ್ರೆ ನಗು ಸತ್ತುಹೋಗುತ್ತೆ. ಅಂಥ ಆಟದಲ್ಲಿ ಕಣ್ಣೊಂದನ್ನೇ ನಂಬಿ ನಿಂತು, ‘ಬಂಗಾರದ ಮನುಷ್ಯ’ದ ರಾಚೂಟಪ್ಪನ ತನಕ ಒಂದು ತಾಳವನ್ನೂ ಬಿಡಲಿಲ್ಲ. ನಗಿಸಿದ್ದೂ ಅವರೇ, ಕೇಡಿಗನಾಗಿ ಹಲ್ಲು ಕಡಿಸಿದ್ದೂ ಅವರೇ, ‘ಕಸ್ತೂರಿ ನಿವಾಸ’ದಲ್ಲಿ ಅಳಿಸಿದ್ದೂ ಅವರೇ. ಕೆಲಸ ಇಲ್ಲದ ಕಾಲದಲ್ಲಿ ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಜೊತೆ ಸೇರಿ ಕಲಾವಿದರ ಸಂಘ ಕಟ್ಟಿ, 1960ರಲ್ಲಿ ‘ರಣಧೀರ ಕಂಠೀರವ’ ತೆಗೆದವರಲ್ಲಿ ಇವರೂ ಒಬ್ಬರು. ಆಮೇಲೆ ಅಭಿಮಾನ್ ಸ್ಟುಡಿಯೋ ಕಟ್ಟೋಕೆ ಪಟ್ಟ ಪಾಡು ಬೇರೆ.

ನಾವು ಕೇಳೋರು ದಶಕಗಟ್ಟಲೆ ನೋಡಿ ನಕ್ಕು ಮರೆತದ್ದನ್ನ, ಟೀವಿ ಸದ್ದೇ ಕೇಳದ ಚಾಚಾ ಯಾವ ಪುಸ್ತಕಾನೂ ಓದದೆ ಹಿಡಿದುಬಿಟ್ಟಿದ್ರು. ನಾನು ಆಪಾಗೆ ಹೇಳಿದೆ, ಆಪಾ ಅವರಿಗೆ ಕೈಯಲ್ಲಿ ಹೇಳಿದ್ರು: ಅವರೂ ನಿಮ್ಮ ಹಾಗೇ, ಅಂತ. ಚಾಚಾ ಹುಬ್ಬು ಹಾರಿಸಿ ಎದೆ ಮೇಲೆ ಎರಡು ಸಲ ಕೈ ತಟ್ಕೊಂಡ್ರು. ಆಮೇಲೆ ಅಂಗಡಿಗೆ ಬಂದವರಿಗೆಲ್ಲ ಅದೇ ಸುದ್ದಿ. ಬ್ಲೌಸ್ ಅಳತೆ ಕೊಡೋಕೆ ಹೋದ ನಮ್ಮ ವಾರಗಿತ್ತಿಗೂ ಅದೇ! ಅವಳು ಬಂದು “ಏನಕ್ಕಾ ಅದು, ಚಾಚಾ ಕಣ್ಣು ಬಾಯಿ ತೋರಿಸಿ ಎದೆ ತಟ್ಕೊಂಡ್ರು” ಅಂತ ಗಾಬರಿ.

ಆದ್ರೆ ತೆರೆ ಮೇಲೆ ಕಿವಿ ಕೇಳದವರ ಪಾಡು ಏನಾಗಿತ್ತು? ಕಂಪನಿ ನಾಟಕದಿಂದಲೂ ಕಿವುಡನ ಪಾತ್ರ ಅಂದ್ರೆ ಒಂದೇ ಜಾಡು. ಒಂದು ಕೇಳಿದ್ರೆ ಇನ್ನೊಂದು ಹೇಳೋದು, ಸಭೆ ನಗೋದು. ನಮ್ಮೂರಲ್ಲಿ ಆ ಜೋಕಿಗೆ ಯಾರೂ ನಗೋದಿಲ್ಲ. ಆಪಾ ಅಂತೂ “ಕೂಗೋದ್ಯಾಕೆ, ಕೈ ಇಲ್ವಾ ಅವನಿಗೆ?” ಅಂತ ಟೀವಿಗೇ ಗದರ್ತಾರೆ. ಆ ಜಾಡು ಬಿಟ್ಟು ಮೊದಲು ನಡೆದವರು ಅಂದ್ರೆ ಎನ್. ಲಕ್ಷ್ಮೀನಾರಾಯಣ್. 1964ರ ‘ನಾಂದಿ’. ಮೊದಲ ಹೆಂಡತಿ ಕಳಕೊಂಡ ಮೇಷ್ಟ್ರು ರಾಜಕುಮಾರ್, ಕಿವಿಯೂ ಮಾತೂ ಇಲ್ಲದ ಹೆಣ್ಣನ್ನ ಮದುವೆಯಾಗೋ ಕಥೆ. ಆ ಹೆಣ್ಣಾಗಿ ಹರಿಣಿ ಮಾಡಿದ್ದಾರೆ ನೋಡಿ, ಒಂದು ಮಾತಿಲ್ಲದೆ, ಕಣ್ಣು ಕೈಯಲ್ಲೇ ಸಂಸಾರ ಮಾಡಿದ್ದಾರೆ. ಹೊರದೇಶದ ಚಿತ್ರೋತ್ಸವಕ್ಕೆ ಹೋದ ಮೊದಲ ಕನ್ನಡ ಸಿನಿಮಾ ಅನ್ನೋ ಹೆಸರೂ ಅದಕ್ಕಿದೆ. ಹೋಗಬೇಕಾದ್ದೇ. ನನ್ನ ಕೇಳಿದ್ರೆ ಆ ದಶಕದ ಕನ್ನಡ ಸಂಸಾರದ ಸಿನಿಮಾಗಳಲ್ಲಿ ಅದಕ್ಕಿಂತ ಮೇಲಿನದು ಇಲ್ಲ.

ಆದ್ರೆ ಅದು ಅಳೋ ಸಿನಿಮಾ. ಇಲ್ಲೇ ನನ್ನ ತಕರಾರು ಇರೋದು. ಬೇರೆಯವರನ್ನ ನಮ್ಮ ಸಿನಿಮಾ ಮನೆಯೊಳಗೆ ಕರೆದಾಗೆಲ್ಲ ಒಂದೋ ಅಳಿಸೋಕೆ, ಇಲ್ಲ ಪೂಜೆ ಮಾಡೋಕೆ. ಮುಸ್ಲಿಮರ ಮನೆ ಅಂದ್ರೆ ಕಬೀರ್, 1962ರಲ್ಲಿ ರಾಜಕುಮಾರ್ ಅವರೇ ‘ಮಹಾತ್ಮ ಕಬೀರ್’ ಆದ್ರು. ಆಮೇಲೆ 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’. ದೊಡ್ಡವರ ಕಥೆ, ಕೈ ಮುಗೀತೀನಿ. ಬಾನು ಮುಷ್ತಾಕ್ ಅವರ ಕಥೆ ಇಟ್ಕೊಂಡು ಕಾಸರವಳ್ಳಿಯವರು 2004ರಲ್ಲಿ ‘ಹಸೀನಾ’ ಮಾಡಿದ್ರು, ತಾರಾಗೆ ರಾಷ್ಟ್ರಪ್ರಶಸ್ತಿ ಬಂತು. ಅದನ್ನ ನೋಡಿ ಆಪಾ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, “ಎಲ್ಲ ನಿಜಾನೇ ಟೀಚರಮ್ಮ. ಆದ್ರೆ ನಮ್ಮ ಮನೇಲಿ ನಗೂನೂ ಇದೆಯಲ್ಲ?” ಅಂದ್ರು.

ಇದೆಯಲ್ವಾ ಮತ್ತೆ! ಆಪಾನ ಅತ್ತೆ ಬದುಕಿದ್ದಾಗ ಎಲೆಅಡಿಕೆ ಡಬ್ಬಿ ಬೀಗದ ಕೈ ಎಲ್ಲಿಟ್ಟೆ ಅಂತ ಮನೆ ತಲೆಕೆಳಗು ಮಾಡಿ, ಕೊನೆಗೆ ಅದು ಅವರದೇ ದುಪ್ಪಟ್ಟಾ ತುದಿಯ ಗಂಟಲ್ಲಿ ಸಿಕ್ಕಿದ್ದು ಯಾವ ‘ಎಮ್ಮೆ ತಮ್ಮಣ್ಣ’ಕ್ಕೆ ಕಮ್ಮಿ ಹೇಳಿ? ಹರಳು ವ್ಯಾಪಾರಕ್ಕೆ ಹೊರಟ ಅಳಿಯ ಕೆಂಪು ಹರಳಿನ ಪೊಟ್ಟಣಾನ ಮಾವನ ಕೋಟಿನ ಜೇಬಲ್ಲಿ ಮರೆತು, ಆ ಕೋಟು ಚಾಚಾನ ಹತ್ರ ಕೈ ಗಿಡ್ಡ ಮಾಡೋಕೆ ಹೋಗಿ, ಚಾಚಾ ಪೊಟ್ಟಣ ತೆಗೆದಿಟ್ಟಿದೀನಿ ಅಂತ ಎಷ್ಟು ಸನ್ನೆ ಮಾಡಿದ್ರೂ ಗಾಬರಿಯಲ್ಲಿದ್ದ ಅಳಿಯ ನೋಡದೇ ಊರೆಲ್ಲ ಓಡಾಡಿದ್ದು? ಇದರಲ್ಲಿ ಕೇಳೋ ಅಳಿಯನೇ ಪೇಚಿಗೆ ಸಿಕ್ಕಿದ್ದು, ಗಮನಿಸಿ. ಪಂತುಲು ಅವರ ಕೈಗೆ ಇದು ಸಿಕ್ಕಿದ್ರೆ ಎರಡೂವರೆ ಗಂಟೆ ನಗಿಸ್ತಿದ್ರು.

ಸಂಸಾರದ ಹಾಸ್ಯ ಸಿನಿಮಾ ಮಾಡೋ ದೊಡ್ಡ ಉಪಕಾರ ಅಂದ್ರೆ, ತನ್ನ ಮನೆಯವರಿಗೆ ಸಣ್ಣತನಕ್ಕೆ ಪರವಾನಗಿ ಕೊಡುತ್ತೆ. ಅಪ್ಪ ಜಿಪುಣನಾಗಬಹುದು, ಅಜ್ಜಿ ಸುಳ್ಳು ಹೇಳಬಹುದು, ಅಳಿಯ ಜಂಬ ಕೊಚ್ಚಬಹುದು. ಆದ್ರೂ ಕೊನೇಲಿ ಎಲ್ಲರೂ ನಮ್ಮವರೇ. ಅದೇ ಜಟಕಾ ಸಾಬರು ನೋಡಿ, ಸಿನಿಮಾ ಪೂರ್ತಿ ಒಳ್ಳೆಯವರಾಗೇ ಇರಬೇಕು, ಒಂದು ದಿನಾನೂ ಹೆಂಡತಿ ಜೊತೆ ಉಪ್ಪಿನಕಾಯಿ ವಿಷಯಕ್ಕೆ ಮುನಿಸ್ಕೊಳ್ಳೋ ಹಾಗಿಲ್ಲ. ಇದು ಅನ್ಯಾಯ. ಒಳ್ಳೆಯವನು ಅಂತ ಹೊಗಳಿ ಗೇಟಲ್ಲೇ ನಿಲ್ಲಿಸೋದಕ್ಕಿಂತ, ಒಳಗೆ ಕರೆದು ಜಗಳ ಆಡೋಕೆ ಬಿಡೋದು ಹೆಚ್ಚಿನ ಮರ್ಯಾದೆ ಅಂತ ನಾನು ತಿಳ್ಕೊಂಡಿದೀನಿ. ‘ಮಕ್ಕಳ ರಾಜ್ಯ’ದ ಥರ ಒಂದು ಸಿನಿಮಾ ಅಲೀಪುರದ ಒಂದು ಬೀದಿ ಇಟ್ಕೊಂಡು ಯಾರಾದ್ರೂ ಮಾಡಿದ್ರೆ, ಆ ಮಕ್ಕಳಲ್ಲಿ ಇಬ್ಬರು ಕೈಯಲ್ಲೇ ಗುಟ್ಟು ಹೇಳ್ಕೊಂಡು ಮೇಷ್ಟ್ರನ್ನ ಏಮಾರಿಸಿದ್ರೆ ಎಷ್ಟು ಚೆನ್ನ! ನಾನು ಪಾಠ ಮಾಡೋವಾಗ ಬೆನ್ನ ಹಿಂದೆ ನಡೀತಿದ್ದದ್ದೇ ಅದು.

ಹೊಸದು ಬರೋವಾಗ ಬರಲಿ. ಹಳೇದಕ್ಕೆ ಇವತ್ತೇ ಮಾಡಬಹುದಾದ ಒಂದು ಕೆಲಸ ಇದೆ, ಅದನ್ನ ಕೇಳ್ಕೊಂಡು ಮುಗಿಸ್ತೀನಿ. ಚಾಚಾ ಬಾಲಣ್ಣನ ಸಿನಿಮಾ ಇಷ್ಟು ವರ್ಷ ನೋಡಿದಾರಲ್ಲ, ಒಂದು ಮಾತೂ ಏನಂತ ಪೂರ್ತಿ ಗೊತ್ತಾಗಿಲ್ಲ. ಆಪಾ ಪಕ್ಕ ಕೂತು ಕೈಯಲ್ಲಿ ಹೇಳಿದಷ್ಟೇ. ಆಪಾ ನಗ್ತಾ ನಗ್ತಾ ಮರೆತರೆ ಅದೂ ಇಲ್ಲ. ಮಕ್ಕಳು ಈಗ ಶಾಲೆಗೆ ಹೋಗ್ತಾರೆ, ಅಕ್ಷರ ಬರುತ್ತೆ. ತೆರೆ ಕೆಳಗೆ ಮಾತು ಬರೆದು ಹಾಕಿದ್ರೆ ತಾವೂ ಓದ್ಕೊಂಡು ಚಾಚಾಗೂ ಹೇಳಬಲ್ಲರು. ಸಿನಿಮಾ ಮಂದಿರಕ್ಕೆ ಬರೋ ಹೊಸ ಸಿನಿಮಾಗಳಿಗೆ ಹೀಗೆ ಅಕ್ಷರ, ವಿವರಣೆ ಇರಬೇಕು ಅಂತ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ತಂದಿದೆ. ಒಳ್ಳೇದಾಯ್ತು. ಮಧ್ಯಾಹ್ನದ ಟೀವಿಯ ಹಳೇ ಸಿನಿಮಾಗಳ ಗತಿ ಏನು? ‘ಸ್ಕೂಲ್ ಮಾಸ್ಟರ್’, ‘ನಾಂದಿ’, ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’, ಇವಕ್ಕೆಲ್ಲ ಕೆಳಗೆ ಕನ್ನಡದಲ್ಲಿ ಮಾತು ಬರೆದು ಹಾಕೋದು ಕಷ್ಟದ ಕೆಲಸವೇನಲ್ಲ. ಹಕ್ಕು ಇಟ್ಕೊಂಡಿರೋ ಚಾನೆಲ್ಲಿನವರು ಮನಸ್ಸು ಮಾಡಬೇಕು, ಚಲನಚಿತ್ರ ಅಕಾಡೆಮಿಯವರು ಮುಂದೆ ನಿಂತು ಮಾಡಿಸಬೇಕು. ಬಾಲಣ್ಣನವರ ಸಿನಿಮಾಗಳಿಂದಲೇ ಶುರು ಮಾಡಿ. ನಿಮಗೆ ಅಲ್ಲಿ ಯಾರಾದ್ರೂ ಗೊತ್ತಿದ್ರೆ ಒಂದು ಮಾತು ಹಾಕಿ ನೋಡಿ.